ನೇರಳೆ ಬರುವ ಹೊತ್ತು

ಎಪ್ಪತ್ತರ ದಶಕದ ಕೊನೆಯಲ್ಲಿ ನಾನೂ ನಮ್ಮಣ್ಣನೂ ಯಶವಂತಪುರದ ಒಂದು ಸಣ್ಣ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದೆವು. ಮತ್ತಿಕೆರೆಯ ಮನೆಯಿಂದ ನಡೆದೇ ಹೋಗುತ್ತಿದ್ದೆವು. ಅಲ್ಲಿ ಬೈನಾಕ್ಯುಲರ್, ಕ್ಯಾಮೆರಾಗಳ ಲೆನ್ಸಿಗೆ ಲೇಪ ಕೊಡುವ ಕೆಲಸ. ಬರೀ ಗಾಜು ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಸ್ವಲ್ಪವನ್ನು ವಾಪಸು ಎಸೆಯುತ್ತದೆ. ಹಾಗೆ ಎಸೆಯದಂತೆ ಅದಕ್ಕೊಂದು ಪೊರೆ ಹೊದಿಸಬೇಕು, ತಲೆಗೂದಲನ್ನು ನೂರಾರು ಪದರ ಸೀಳಿದರೆ ಸಿಗುವಷ್ಟು ತೆಳ್ಳಗಿನ ಪೊರೆ. ಪೊರೆಯ ಮೇಲಿಂದ ಮರಳುವ ಬೆಳಕೂ ಕೆಳಗಿನ ಗಾಜಿನಿಂದ ಮರಳುವ ಬೆಳಕೂ ಆಗ ಒಂದನ್ನೊಂದು ಅಳಿಸಿಕೊಂಡುಬಿಡುತ್ತವೆ. ಹೆಚ್ಚುಕಡಿಮೆ ಎಲ್ಲ ಬೆಳಕೂ ಗಾಜಿನೊಳಕ್ಕೆ ಹೋಗುತ್ತದೆ.

ಅಷ್ಟು ತೆಳುವನ್ನು ಅಳೆಯಲು ನಮ್ಮಲ್ಲಿ ಮೀಟರು ಗೀಟರು ಇರಲಿಲ್ಲ. ಇದ್ದದ್ದು ಅಣ್ಣನ ಕಣ್ಣು. ಬೋರಲಾಗಿಟ್ಟ ದೊಡ್ಡ ಗಾಜಿನ ಜಾರಿನೊಳಗೆ ಲೆನ್ಸುಗಳನ್ನು ಜೋಡಿಸಿ, ಗಾಳಿಯನ್ನೆಲ್ಲ ಪಂಪಿನಿಂದ ಎಳೆದು, ಬಿಳಿ ಪುಡಿಯೊಂದನ್ನು ಕಾಯಿಸಿ ಆವಿ ಮಾಡಿದರೆ ಅದು ಲೆನ್ಸಿನ ಮೇಲೆ ಕೂರುತ್ತದೆ. ಲೆನ್ಸಿನಲ್ಲಿ ಕಾಣುವ ಟ್ಯೂಬ್‌ಲೈಟಿನ ಬಿಂಬ ಮೊದಲು ಒಣಹುಲ್ಲಿನ ಹಳದಿ, ಆಮೇಲೆ ಕಂದು, ಆಮೇಲೆ ನೇರಳೆ. ನೇರಳೆ ಬಂದ ಗಳಿಗೆಗೇ ಹೊರಗಿನ ಹಿಡಿಕೆಯಿಂದ ಪುಡಿಯ ಮೇಲೆ ಮುಚ್ಚಳ ಎಳೆಯಬೇಕು. ತಡವಾದರೆ ನೀಲಿ. ನೀಲಿಯಾದ ಲೆನ್ಸನ್ನು ಎಷ್ಟು ಒರೆಸಿದರೂ ಉಪಯೋಗವಿಲ್ಲ, ಗಾಜನ್ನೇ ಮತ್ತೆ ಉಜ್ಜಬೇಕು. ಅಣ್ಣ ಕೂತಲ್ಲಿ ನೀಲಿ ಕಂಡದ್ದೇ ಅಪರೂಪ. "ಬಂತು" ಅನ್ನುತ್ತಿದ್ದ, ಮುಚ್ಚಳ ಎಳೆಯುತ್ತಿದ್ದ, ಬೀಡಿ ಸೇದಲು ಹೊರಗೆ ಹೋಗುತ್ತಿದ್ದ.

ಪಕ್ಕದ ಕೋಣೆಯಲ್ಲಿ ತಪಾಸಣೆ ನನ್ನದು. ಸರಿಯಿದ್ದರೆ ಪಾಸು, ಇಲ್ಲದಿದ್ದರೆ ತಿರಸ್ಕಾರದ ಟ್ರೇಗೆ. ಅಣ್ಣನೆಂದು ನಾನೇನೂ ಬಿಟ್ಟವಳಲ್ಲ, ನನ್ನ ಬಾಯಿ ಮೊದಲೇ ಜೋರು. ಒಂದು ಶ್ರಾವಣದಲ್ಲಿ ಅವನ ಲೆನ್ಸುಗಳು ನೀಲಿ ಬರತೊಡಗಿದವು.

"ಟ್ಯೂಬ್‌ಲೈಟ್ ಸರಿಯಿಲ್ಲ ಕಣೇ," ಅಂದ. ಬದಲಾಯಿಸಿದರು. "ಪುಡೀನೇ ಸರಿಯಿಲ್ಲ," ಅಂದ. ಹೊಸ ಡಬ್ಬಿ ತೆರೆದರು. ಮತ್ತೆ ನೀಲಿಯೇ.

"ಕುಣಿಯಕ್ಕೆ ಬರ್ದೇ ಇರೋಳು ನೆಲ ಡೊಂಕು ಅಂದ್ಲಂತೆ," ಎಂದು ನಾನು ಎಲ್ಲರೆದುರಿಗೇ ರೇಗಿಸಿದೆ. ಅವನೂ ನಕ್ಕ.

ಅದೇ ವಾರ ಮಧ್ಯಾಹ್ನ ಊಟದ ಡಬ್ಬಿ ತೆರೆದವನು, "ಬೀಟ್‌ರೂಟ್ ಪಲ್ಯ ಅಂದಿದ್ದೆ, ಬಾಳೆಕಾಯಿ ತಂದಿದ್ಯಲ್ಲೇ?" ಅಂದ.

"ಆಟ ಆಡ್ಬೇಡ, ಸುಮ್ನೆ ತಿನ್ನು."

ಒಂದು ತುತ್ತು ಬಾಯಿಗಿಟ್ಟುಕೊಂಡ. ಅಗಿಯುವುದನ್ನು ನಿಲ್ಲಿಸಿದ. ಡಬ್ಬಿಯನ್ನು ಒಮ್ಮೆ ಈ ಕಣ್ಣಿನ ಹತ್ತಿರ, ಒಮ್ಮೆ ಆ ಕಣ್ಣಿನ ಹತ್ತಿರ ಹಿಡಿದು ನೋಡಿದ. ನನ್ನ ಬೆರಳಿಗೆಲ್ಲ ಪಲ್ಯದ ಕೆಂಪು ಹತ್ತಿತ್ತು. ಅಯ್ಯೋ ದೇವರೇ, ಇವನಿಗೆ ಬಣ್ಣ ಕಾಣುತ್ತಿಲ್ಲ ಎಂದು ಆಗ ಹೊಳೆಯಿತು.

ಕಣ್ಣಿನ ಆಸ್ಪತ್ರೆಗೆ ಅಮ್ಮನೂ ಬಂದಳು. ಡಾಕ್ಟರು ದೀಪ ಹಿಡಿದು ಬಹಳ ಹೊತ್ತು ನೋಡಿ, ಅಮ್ಮನ ಕಡೆ ತಿರುಗಿದರು. "ನಿಮ್ಮ ತವರಲ್ಲಿ ಯಾರಿಗಾದ್ರೂ ಚಿಕ್ಕ ವಯಸ್ಸಲ್ಲೇ ಕಣ್ಣು ಹೋಗಿತ್ತಾಮ್ಮ?"

"ನಮ್ಮಣ್ಣಂಗೂ ಇಂಗೇ ಆಯ್ತು ಸ್ವಾಮಿ. ಯಾರ್ದೋ ದೃಷ್ಟಿ ತಾಗ್ತು ಅಂದ್ರು."

"ದೃಷ್ಟಿ ಅಲ್ಲಮ್ಮ. ಕಣ್ಣಿನ ನರ ಒಣಗುತ್ತೆ. ತಾಯಿ ಕಡೆಯಿಂದ ಬರೋದು. ಇದಕ್ಕೆ ಔಷಧಿ ಇಲ್ಲ."

"ಅಂಗಾದ್ರೆ ನಾನೇ ಕೊಟ್ಟಿದ್ದಾ?" ಅಂದಳು ಅಮ್ಮ.  ಅಣ್ಣ ಅವಳ ಭುಜ ಹಿಡಿದು ಹೊರಗೆ ಕರೆತಂದು, "ನೀನು ಕೊಟ್ಟಿದ್ದು ಜೀವ ಕಣಮ್ಮ, ಸುಮ್ನಿರು," ಅಂದ. ಅಮ್ಮ ಆಮೇಲೆ ಬದುಕಿದ್ದಷ್ಟು ದಿನವೂ ಆ ಮಾತನ್ನು ಒಪ್ಪಲಿಲ್ಲ.

ಕಾರ್ಖಾನೆಯ ಯಜಮಾನರು ಒಳ್ಳೆಯವರು. ಕೆಲವು ತಿಂಗಳು ನಾನು ಅಣ್ಣನ ಪಕ್ಕ ನಿಂತು ಬಣ್ಣ ಹೇಳಲು ಬಿಟ್ಟರು. ನಾನು "ಬಂತು" ಅಂದರೆ ಅವನು ಮುಚ್ಚಳ ಎಳೆಯುವುದು. ಲೆನ್ಸುಗಳೂ ಸರಿ ಬಂದವು. ಆದರೆ ಅಷ್ಟರಲ್ಲಿ ಅವನ ನೋಟದ ನಡುಭಾಗವೇ ಹೋಗಿಬಿಟ್ಟಿತು. ಎದುರಿಗೆ ನಿಂತವರ ಮುಖ ಕಾಣದು, ಅವರ ಪಕ್ಕದ ಗೋಡೆ ಕಾಣುತ್ತದೆ. ಮಾತಾಡಿಸಿದರೆ ನಮ್ಮ ಕಿವಿಯ ಆಚೆಗೆ ಎಲ್ಲೋ ನೋಡುತ್ತಿದ್ದ. 

ಕೊನೆಗೊಂದು ದಿನ ಯಜಮಾನರು ತಲೆತಗ್ಗಿಸಿ, "ಒಂದು ಮಿಷನ್‌ಗೆ ಇಬ್ಬರನ್ನ ಇಟ್ಕೊಳ್ಳಕ್ಕೆ ಆಗ್ತಿಲ್ಲಪ್ಪ," ಅಂದರು.

"ಗೊತ್ತು ಸಾರ್," ಅಂದ ಅಣ್ಣ. "ಇದೊಂದು ಟ್ರೇ ಲೆನ್ಸ್ ನಾನೊಬ್ಬನೇ ಮಾಡ್ತೀನಿ." ನನಗೆ, "ನೀನು ಬಾಯಿ ಬಿಡ್ಬೇಡ," ಅಂದ.

ಇಷ್ಟು ಜೋರು ಬಾಯಿಯವಳು ಅವತ್ತು ತುಟಿ ಕಚ್ಚಿಕೊಂಡು ನಿಂತೆ. ಅವನು ಕತ್ತು ಓರೆ ಮಾಡಿ, ಕಣ್ಣಿನ ಅಂಚಿನಿಂದ ಜಾರಿನೊಳಕ್ಕೆ ಹುಡುಕುತ್ತಿದ್ದ. ಹಳದಿ ಬಂತು, ಕಂದು ಬಂತು. ನೇರಳೆ ಬಂತು. ಅಣ್ಣಾ ಎಳಿಯೋ, ಎಳಿಯೋ, ಎಂದು ಒಳಗೇ ಕೂಗಿಕೊಂಡೆ. ಅವನ ಕೈ ಹಿಡಿಕೆಯ ಮೇಲೇ ಇತ್ತು, ಅಲುಗಲಿಲ್ಲ. ನೇರಳೆ ನೋಡನೋಡುತ್ತ ನೀಲಿಗೆ ತಿರುಗಿತು. ಆಗ ಎಳೆದ.

ಜಾರಿನೊಳಕ್ಕೆ ಗಾಳಿ ಬಿಟ್ಟು, ಜಾರನ್ನು ಎತ್ತಿ, ಒಂದು ಲೆನ್ಸು ತೆಗೆದು ನನ್ನ ಅಂಗೈಗೆ ಇಟ್ಟ. "ಹೇಳು, ಹೇಗಿದೆ?"

"ಸರಿಯಾಗಿದೆ ಕಣಣ್ಣ," ಅಂದೆ. "ಪಾಸು."

 ಅವನು ನನ್ನ ಕಿವಿಯ ಆಚೆಗೆ ನೋಡುತ್ತಲೇ ಕೈ ಚಾಚಿ ಲೆನ್ಸನ್ನು ವಾಪಸು ತೆಗೆದುಕೊಂಡ. "ನಿನ್ನ ಕೈಯಿಂದ ಇಷ್ಟು ವರ್ಷ ಒಂದೂ ತಪ್ಪು ಲೆನ್ಸ್ ಆಚೆ ಹೋಗಿಲ್ಲ," ಅಂದ. "ನನಗೋಸ್ಕರ ಹೋಗೋದು ಬೇಡ." ಬೆಂಚನ್ನು ಸವರುತ್ತ ಹೋಗಿ, ತಿರಸ್ಕಾರದ ಟ್ರೇಯನ್ನು ಬೆರಳಿನಿಂದಲೇ ಗುರುತು ಹಿಡಿದು, ಸದ್ದಾಗದಂತೆ ಅದನ್ನು ಅಲ್ಲಿಟ್ಟ.