ರಾಣಿ ಸುಗಂಧಿನಿ ಆಡದ ಮಾತು

ಬಂಡಳ್ಳಿಯ ಪುಟ್ಟಮಲ್ಲಮ್ಮನ ಗಂಡ ನೋಟ್‌ಬುಕ್ಕಿನಲ್ಲಿ ಬರೆದಿಟ್ಟು ಹೋದ ಎರಡೇ ಎರಡು ಪದಗಳ ಮೇಲೆ ಕೊಳ್ಳೇಗಾಲದ ಕಾಲೇಜು ಮೇಷ್ಟ್ರು ಬಸವೇಶ ನಲವತ್ತು ಪುಟ ಬರೆದರು. ಆ ಎರಡು ಪದ ಇಷ್ಟೆ: ‘ರಾಣಿ ಮೌನ.’

ಗಂಡ ಶಿವಮಲ್ಲಪ್ಪ ಹಾರ್ಮೋನಿಯಂ ಮೇಷ್ಟ್ರಾಗಿದ್ದರು. ಹನೂರಿನಿಂದ ಯಳಂದೂರಿನವರೆಗೆ ಯಾವ ಊರಿನವರು ನಾಟಕ ಆಡಬೇಕೆಂದರೂ ಮೂರು ತಿಂಗಳು ಮುಂಚೆಯೇ ಬಂದು ಅವರನ್ನು ಕರೆದೊಯ್ಯುತ್ತಿದ್ದರು. ಬೇರೆ ಊರುಗಳಿಗೆ ಏನೇನೋ ನಾಟಕ ಕಲಿಸಿದರೂ ಸ್ವಂತ ಊರಿಗೆ ಮಾತ್ರ ಒಂದೇ. ತಮ್ಮ ಗುರುಗಳ ಕೈಬರಹ ನೋಡಿ ನಕಲು ಮಾಡಿಕೊಂಡಿದ್ದ ಹಳೇ ರಾಜರ ನಾಟಕ. ಕಥೆ ಸುಲಭ. ಮಂತ್ರಿ ಕುಟಿಲಾಂಗ ಹಾಲಿಗೆ ವಿಷ ಹಾಕಿ ಮಹಾರಾಜನನ್ನು ಕೊಲ್ಲುತ್ತಾನೆ, ಸಿಕ್ಕಿಬೀಳುತ್ತಾನೆ, ಗಲ್ಲಿಗೆ ಹೋಗುತ್ತಾನೆ. ಕೊನೆಯಲ್ಲಿ ರಾಣಿ ಸುಗಂಧಿನಿ ಗಂಡನ ಹೆಣದ ಮುಂದೆ ಬಂದು, ಒಂದು ಮಾತೂ ಆಡದೆ, ನಿಂತೇ ಇರುತ್ತಾಳೆ. ಅವಳ ಬದಲು ಹಾರ್ಮೋನಿಯಂ ಅಳುತ್ತದೆ. ಪರದೆ ಬೀಳುತ್ತದೆ.

ಆ ನಿಲುವಿಗೆ ಸುತ್ತಲ ಊರಿನವರು ನಲವತ್ತು ವರ್ಷ ಕಣ್ಣೀರು ಹಾಕಿದರು. ಬಂಡಳ್ಳಿಯೊಂದರಲ್ಲೇ ಐದು ಹೆಣ್ಣುಮಕ್ಕಳಿಗೆ ಸುಗಂಧಿನಿ ಎಂದು ಹೆಸರಿಟ್ಟರು. ಮೊದಲನೆಯವಳು ಪಕ್ಕದ ಮನೆ ರಾಚಮ್ಮನ ಮಗಳು, ಈಗ ಅಂಗನವಾಡಿ ಟೀಚರು. ಅತ್ತ ಕುಟಿಲಾಂಗನ ಪಾತ್ರ ಮಾಡುತ್ತಿದ್ದ ಗುರುಪಾದಸ್ವಾಮಿಯ ಮುಖಕ್ಕೆ ಒಂದು ಸಲ ಸಂತೆಯಲ್ಲಿ ಯಾರೋ ಮುದುಕಿ ಉಗಿದೇ ಬಿಟ್ಟಳು. ಇರುವೆ ಕಂಡರೂ ದಾಟಿಕೊಂಡು ನಡೆಯುತ್ತಿದ್ದ ಮನುಷ್ಯ. ಆದರೂ ಅವನ ಮೊಮ್ಮಕ್ಕಳು ಇವತ್ತಿಗೂ ಊರಿಗೆಲ್ಲ ‘ಕುಟಿಲಾಂಗನ ಮನೆಯವರು.’

ಶಿವಮಲ್ಲಪ್ಪ ತೀರಿಕೊಂಡು ಆರು ವರ್ಷವಾದ ಮೇಲೆ ಬಸವೇಶರು ಹುಡುಕಿಕೊಂಡು ಬಂದು ಆ ನೋಟ್‌ಬುಕ್ಕನ್ನು ಒಯ್ದಿದ್ದರು. ಈಗ ಅದು ಪುಸ್ತಕವಾಗುವುದಿತ್ತು. ಮುಂದುಗಡೆ ನಾಟಕ, ಹಿಂದುಗಡೆ ಅವರ ನಲವತ್ತು ಪುಟ. ‘ಹಸ್ತಪ್ರತಿ ಸಂಪೂರ್ಣವಾಗಿದೆ, ಅಚ್ಚು ಹಾಕಿಸಲು ನನ್ನ ಒಪ್ಪಿಗೆ ಇದೆ’ ಎಂಬ ಕಾಗದಕ್ಕೆ ಪುಟ್ಟಮಲ್ಲಮ್ಮನ ರುಜು ಬಿದ್ದರೆ ಪ್ರೆಸ್ಸಿನಲ್ಲಿ ಜೋಡಿಸಿಟ್ಟದ್ದು ಸಂಜೆಗೆ ಅಚ್ಚಿಗೆ ಹೋಗುತ್ತಿತ್ತು. ರುಜು ಕೇಳುವ ಮೊದಲು, ಪಾಪ, ಅಜ್ಜಿಗೂ ಸಂತೋಷವಾಗಲಿ ಎಂದು ಅವರು ಜಗಲಿಯ ಮೇಲೆ ಕೂತು ತಾವು ಬರೆದದ್ದನ್ನು ಓದಿ ಹೇಳತೊಡಗಿದರು. ಪುಟ್ಟಮಲ್ಲಮ್ಮ ಮೊರದಲ್ಲಿ ಅವರೆಕಾಯಿ ಸುಲಿಯುತ್ತಾ ಕೇಳಿದಳು.

“ಮೊದ್ಲು ಕುಟಿಲಾಂಗನ ಉದ್ದೇಶ ಏನು ಅಂತ ನೋಡಿದೀನಿ ಅಜ್ಜಿ. ಅಧಿಕಾರದ ದಾಹ. ಅವನೇನು ಹುಟ್ಟಾ ಕೇಡಿಗ ಅಲ್ಲ. ಅರಮನೆ ಅವನನ್ನ ಹಂಗೆ ಮಾಡ್ತು.”

“ಅವ್ವ ಅಪ್ಪ ತೊಟ್ಲಲ್ಲೇ ಕುಟಿಲಾಂಗ ಅಂತ ಹೆಸರಿಕ್ಬುಟ್ಟವ್ರ,” ಅಂದಳು ಪುಟ್ಟಮಲ್ಲಮ್ಮ. “ಆಮೇಲೆ ಒಳ್ಳೇವ್ನಾಗು ಅಂದ್ರ ಆ ಮಗ ಏನ್ ಮಾಡಾನು?”

ಬಸವೇಶರು ನಕ್ಕು ಪುಟ ತಿರುವಿದರು. “ಮುಖ್ಯ ಪ್ರಶ್ನೆ ರಾಣೀದು. ಅವಳು ಯಾಕೆ ಮಾತಾಡಲ್ಲ? ಯಾಕಂದ್ರೆ ಅವಳಿಗೆ ಆಡೋಕೆ ಮಾತೇ ಉಳಿದಿಲ್ಲ. ಲೋಕ ಎಲ್ಲಾನೂ ಕಸ್ಕೊಂಡಿದೆ. ಅವಳ ಮೌನವೇ ಪ್ರತಿಭಟನೆ. ಆರನೇ ಪುಟದಿಂದ ಮೂವತ್ತೆಂಟರ ತನಕ ಇದನ್ನೇ ವಿವರಿಸಿದೀನಿ.”

ಅವರೆಕಾಯಿ ಸುಲಿಯುತ್ತಿದ್ದ ಕೈ ನಿಂತಿತು.

“ಮಾತೇ ಇಲ್ಲ ಅಂದ್ರಾ? ಹದಿನೆಂಟು ಸಾಲು ಅದ ಸಾಮಿ ಅವಳ್ದು.”

ನಡೆದದ್ದು ಎಂಬತ್ತೆರಡನೇ ಇಸವಿಯಲ್ಲಿ, ಊರಿನಲ್ಲಿ ಆ ನಾಟಕ ಆಡಿದ ಮೊದಲನೇ ವರ್ಷ. ಹೆಣ್ಣು ಪಾತ್ರಕ್ಕೆ ಕೊಳ್ಳೇಗಾಲದಿಂದ ಕರೆಸಿದ್ದ ಯಶೋದ ಎರಡು ಅಂಕ ಸೊಗಸಾಗಿ ಮಾಡಿ, ಮೂರನೆಯದಕ್ಕೆ ಹೊಟ್ಟೆ ಹಿಡಿದುಕೊಂಡು ಮುದುರಿ ಬಿದ್ದಳು. ಜೀಪಿಗೆ ಹತ್ತಿಸಿ ಕಾಮಗೆರೆ ಆಸ್ಪತ್ರೆಗೆ ಕಳಿಸಿದರು. ಉಳಿದದ್ದು ರಾಣಿಯ ಕೊನೇ ದೃಶ್ಯ ಒಂದೇ. ಬಣ್ಣದವರಿಗೆ ಕಾಫಿ ತಂದುಕೊಟ್ಟು ಸೀನರಿ ಹಿಂದೆ ನಿಂತಿದ್ದ ಹೆಂಡತಿಯನ್ನು ಶಿವಮಲ್ಲಪ್ಪ ನೋಡಿದರು. ಪ್ರಾಕ್ಟೀಸೆಲ್ಲ ನಡೆದದ್ದು ಅವರ ಜಗಲಿಯ ಮೇಲೆಯೇ. ಒಳಗೆ ಮುದ್ದೆ ತೊಳಸುತ್ತಾ ಕೇಳಿ ಕೇಳಿ ಅವಳಿಗೆ ಎಲ್ಲರ ಮಾತೂ ಬಾಯಿಗೆ ಬಂದಿತ್ತು. ಯಾರಾದರೂ ತಡವರಿಸಿದರೆ ಒಲೆ ಮುಂದಿನಿಂದಲೇ ಎತ್ತಿಕೊಡುತ್ತಿದ್ದಳು.

“ಬಣ್ಣ ಬಳುದು ಕಿರೀಟ ಇಕ್ಕುದ್ರ ನೀನು ಅಂತ ಯಾರ್ಗೂ ಗೊತ್ತಾಗಲ್ಲ, ಬಾ ಅಮ್ಮಿ,” ಅಂದರು.

“ಮಾವ ಮುಂದ್ಗಡೆನೇ ಕೂತವ್ರ.”

“ಕೂತ್ಕಳ್ಳಿ ಬುಡು. ಅವ್ರಿಗೆ ಕಣ್ ಮಂಜು.”

ಮಾವನ ಕಣ್ಣು ಮಂಜಾಗಿದ್ದದ್ದು ನಿಜ. ಆದರೆ ಕಿವಿ ಬಲು ಚುರುಕು. ಸೊಸೆ ಹಿತ್ತಲಲ್ಲಿ ಪಿಸುಗುಟ್ಟಿದರೆ ಜಗಲಿಯಿಂದ ಗದರುತ್ತಿದ್ದವರು ಅವರು. ಪುಟ್ಟಮಲ್ಲಮ್ಮ ಹೆಣದ ಮುಂದೆ ಬಂದು ನಿಂತು ಬಾಯಿ ತೆರೆಯುವುದಕ್ಕೂ, ಚಾಪೆಯ ಮೇಲೆ ಮಾವ ಗಂಟಲು ಸರಿಮಾಡಿಕೊಳ್ಳುವುದಕ್ಕೂ ಸರಿಹೋಯಿತು. ತೆರೆದ ಬಾಯಿ ಮುಚ್ಚಿಕೊಂಡಿತು. ಮುಖ ಯಾರದೆಂದು ತಿಳಿಯದಿದ್ದರೂ ದನಿ ಯಾರದೆಂದು ಅವರಿಗೆ ಮೊದಲ ಪದದಲ್ಲೇ ತಿಳಿಯುತ್ತಿತ್ತು. ಹಾರ್ಮೋನಿಯಂ ಹಿಂದಿನಿಂದ ಶಿವಮಲ್ಲಪ್ಪ “ಮಹಾರಾಜ, ಮಹಾರಾಜ” ಎಂದು ಮೊದಲ ಪದ ಎತ್ತಿಕೊಟ್ಟರು. ಮರೆತಿದ್ದರಲ್ಲವೆ ಅದರಿಂದ ಉಪಯೋಗ? ಅವಳು ನಿಂತೇ ಇದ್ದಳು. ದಾರಿ ಕಾಣದೆ ಅವರು ಹಾರ್ಮೋನಿಯಂ ಒತ್ತಿದರು. ಮೊದಲು ಒಬ್ಬಳು ಬಿಕ್ಕಿದಳು, ಆಮೇಲೆ ಊರೇ ಬಿಕ್ಕಿತು.

ಮಾರನೇ ದಿನ ಎಲ್ಲರ ಬಾಯಲ್ಲೂ ಮೇಷ್ಟ್ರ ತಲೆಯದೇ ಹೊಗಳಿಕೆ. ಮಾವನವರೂ ಮೆಚ್ಚಿಕೊಂಡು ಸೊಸೆಯನ್ನೇ ಕರೆದು ಬುದ್ಧಿ ಹೇಳಿದರು: “ಎಂಗಸು ಅಂದ್ರ ಹಂಗಿರ್ಬೇಕು. ಅಷ್ಟು ದುಕ್ಕದಲ್ಲೂ ತುಟಿ ಪಿಟಕ್ಕನ್ನಿಲ್ಲ ನೋಡು ಆ ರಾಣಿ.” ಅವಳು ತಲೆಯಾಡಿಸಿದಳು. ಎರಡು ದಿನ ಬಿಟ್ಟು ಶಿವಮಲ್ಲಪ್ಪ ರಾಣಿಯ ಮಾತಿದ್ದ ಹಾಳೆಯನ್ನು ಹರಿದು ಒಲೆಗೆ ಹಾಕಿ, ಆ ಜಾಗದಲ್ಲಿ ‘ರಾಣಿ ಮೌನ’ ಎಂದು ಬರೆದರು. “ಮಾತಾಡಿದ್ರ ಕೆಟ್ಟೋಗ್ತಿತ್ತು ಕಣಮ್ಮಿ” ಎಂದು ಹೆಂಡತಿಗೆ ಸಮಾಧಾನವನ್ನೂ ಹೇಳಿದರು. ಗುರುಗಳ ಮೂಲ ಪ್ರತಿಯನ್ನು ಆ ಹೊತ್ತಿಗಾಗಲೇ ಗೆದ್ದಲು ತಿಂದಿತ್ತು. ಅಲ್ಲಿಗೆ ಆ ಹದಿನೆಂಟು ಸಾಲು ಉಳಿದದ್ದು ಪುಟ್ಟಮಲ್ಲಮ್ಮನ ತಲೆಯೊಳಗೆ ಮಾತ್ರ.

“ಏನಂತೆ ಅದರಲ್ಲಿ?” ಅವತ್ತು ರಾಣಿಯಾಗಿ ನಿಂತವಳು ತಾನೇ ಎಂದೂ, ಮಾತಿದ್ದ ಹಾಳೆ ಒಲೆಗೆ ಹೋಯಿತೆಂದೂ ಅವಳು ಹೇಳಿದ ಮೇಲೆ ಬಸವೇಶರು ಕೇಳಿದರು.

ಪುಟ್ಟಮಲ್ಲಮ್ಮ ಮೊರ ಪಕ್ಕಕ್ಕಿಟ್ಟು, ಕೈ ಒರೆಸಿಕೊಂಡು, ಸೆರಗು ಹೊದ್ದು ಎದ್ದು ನಿಂತಳು. ಬಂದದ್ದು ಬಂಡಳ್ಳಿಯ ಮಾತಲ್ಲ, ಅರಮನೆಯ ಮಾತು.

“ಮಹಾರಾಜ, ಮಲಗಿದೆಯಾ? ಹಾಲಿಗೆ ವಿಷ ಬೆರೆಸಿದವನು ಕುಟಿಲಾಂಗ. ಬೆರೆಸೆಂದವಳು ನಾನು. ನನ್ನ ಮಗನನ್ನು ಕಾಡಿಗಟ್ಟುವ ಅಪ್ಪಣೆಗೆ ನೀನು ಮುದ್ರೆಯೊತ್ತಿದೆ. ಆ ಉಂಗುರಕ್ಕೆ ಮೆತ್ತಿದ ಅರಗನ್ನು ಒರೆಸಿಟ್ಟವಳೂ ನಾನೇ. ಗಲ್ಲಿನ ಮೆಟ್ಟಿಲ ಮೇಲೂ ಆತ ನನ್ನ ಹೆಸರನ್ನು ನುಡಿಯಲಿಲ್ಲ. ಅವನ ಬಾಯಿ ಮುಚ್ಚಿತು. ನನ್ನ ಬಾಯಿಯನ್ನು ಮುಚ್ಚುವವರಾರು?”

ಹದಿನೆಂಟೂ ಸಾಲು ಮುಗಿಯುವ ಹೊತ್ತಿಗೆ ಕುಟಿಲಾಂಗನ ದಾಹ ಆವಿಯಾಗಿತ್ತು. ರಾಣಿಯ ಪ್ರತಿಭಟನೆ ಆರನೇ ಪುಟದಿಂದ ಮೂವತ್ತೆಂಟರವರೆಗೂ ನೆಲಕ್ಕೆ ಬಿದ್ದಿತ್ತು.

“ಇದು ಬೇರೆ ಯಾವ್ದೋ ನಾಟಕದ್ದಿರಬಹುದು ಅಜ್ಜಿ,” ಅಂದರು ಬಸವೇಶರು ಮೆಲ್ಲಗೆ. “ವಯಸ್ಸಾದ್ಮೇಲೆ ಒಂದ್ರೊಳಗೊಂದು ಸೇರ್ಕೊಂಡ್ಬಿಡ್ತವೆ.”

“ಬ್ಯಾರೆ ನಾಟಕದಲ್ಲೂ ಇವ್ನೇ ಕುಟಿಲಾಂಗ ಅವ್ನಾ?”

“ಇನ್ಯಾರಿಗೆ ಗೊತ್ತು ಇದು?”

“ಯಾರ್ಗೂ ಇಲ್ಲ. ಗೊತ್ತಿದ್ದೋರೆಲ್ಲ ಸತ್ತೋದ್ರು.”

ಬಸವೇಶರ ಮುಖದಲ್ಲಿ ತುಸು ನಿರಾಳ ಕಂಡಿತು. ಪುಟ್ಟಮಲ್ಲಮ್ಮನಿಗೆ ಕಣ್ಣು ಮಂಜಾಗಿರಲಿಲ್ಲ. ಈಗ ರುಜು ಹಾಕಿದರೆ ತನ್ನ ಜೊತೆಗೆ ಸುಗಂಧಿನಿಯನ್ನೂ ಮಣ್ಣಿಗೆ ಹಾಕುತ್ತಾರೆ ಎಂದು ತಿಳಿಯಿತು.

“ಅಲ್ಲ ಅಜ್ಜಿ, ಅವತ್ತು ನೀವ್ಯಾಕೆ ಬಾಯಿ ಬಿಡ್ಲಿಲ್ಲ?”

“ಮಾವನವ್ರು ಕೂತಿದ್ರಲ್ಲ.”

ಬಸವೇಶರಿಗೆ ಹೋದ ಜೀವ ಬಂತು. “ಅದನ್ನೇ ಅಜ್ಜಿ ನಾನೂ ಬರ್ದಿರೋದು. ಹೆಣ್ಣಿನ ಬಾಯಿ ಕಟ್ಟಿದ ವ್ಯವಸ್ಥೆ. ಒಂದಕ್ಷರಾನೂ ಬದಲಾಯಿಸೋದು ಬೇಕಾಗಿಲ್ಲ.”

“ಅದು ನನ್ನ ಮೌನ ಸಾಮಿ, ಅವಳ್ದಲ್ಲ. ನಂದು ಬೇಕಾದ್ರ ನೀವು ಬ್ಯಾರೆ ಬರ್ಕಳಿ. ಅವಳ ಮಾತ್ನ ಅವಳ್ಗೆ ಕೊಟ್ಬುಡಿ.”

ಅಷ್ಟರಲ್ಲಿ ಗೋಡೆಯಾಚೆ ಕಿವಿಗೊಟ್ಟು ನಿಂತಿದ್ದ ರಾಚಮ್ಮ ಬಟ್ಟೆ ಒಣಗಿಸುವುದನ್ನು ಬಿಟ್ಟು ಓಡಿಬಂದಳು.

“ಅಕ್ಕ, ನಲವತ್ತೊರ್ಸ ಸುಮ್ನಿದ್ದೋಳು ಇನ್ನೊಂದ್ ನಾಕೊರ್ಸ ಸುಮ್ನಿರಕ್ಕಾಗಲ್ವಾ? ನಮ್ ಸುಗಂಧಿನಿ ಗತಿ ಏನು? ಅಂಗನವಾಡೀಲಿ ಮಕ್ಕಳ್ಗೆ ಹಾಲ್ ಹಂಚೋಳು ಅವಳು.”

“ಊರಿನವರ ಭಾವನೆನೂ ನೋಡ್ಬೇಕಲ್ವಾ ಅಜ್ಜಿ,” ಎಂದು ಬಸವೇಶರು ದನಿಗೂಡಿಸಿದರು. “ಕೆಲವು ಸಲ ಸುಮ್ಮನಿರೋದೇ ಒಳ್ಳೇದು.” ಹೆಣ್ಣಿನ ಬಾಯಿ ಕಟ್ಟಿದ ವ್ಯವಸ್ಥೆಯ ಮೇಲೆ ಬರೆದ ನಲವತ್ತು ಪುಟ ಅವರ ತೊಡೆಯ ಮೇಲೆಯೇ ಇತ್ತು. ಒಪ್ಪಿಗೆಯ ಕಾಗದವನ್ನು ಮುಂದಕ್ಕೆ ಸರಿಸಿ ಪೆನ್ನು ಕೊಟ್ಟರು.

ಪುಟ್ಟಮಲ್ಲಮ್ಮ ಪೆನ್ನು ತೆಗೆದುಕೊಂಡಳು. ಒಪ್ಪಿಗೆಯ ಕಾಗದವನ್ನು ಮುಟ್ಟಲಿಲ್ಲ. ಅವರ ತೊಡೆಯ ಮೇಲಿಂದ ಒಂದು ಪುಟ ಎಳೆದುಕೊಂಡು, ಬೋರಲು ಹಾಕಿ, ಮೊರದ ಬೆನ್ನಿನ ಮೇಲಿಟ್ಟುಕೊಂಡು, ಒಂದೊಂದೇ ಅಕ್ಷರ ಒತ್ತಿ ಒತ್ತಿ ಬರೆಯತೊಡಗಿದಳು. ‘ಮಹಾರಾಜ’ ಬರೆಯುವಷ್ಟರಲ್ಲಿ ಬಸವೇಶರು ಎರಡು ಸಲ ಗಡಿಯಾರ ನೋಡಿದರು.

“ನೀವು ಹೇಳಿ ಅಜ್ಜಿ, ನಾನು ಬರ್ಕೊತೀನಿ. ಬೇಗ ಆಗುತ್ತೆ.”

“ಬ್ಯಾಡ ಬುಡಿ. ನೀವು ಬರುದ್ರ ಅವಳು ತಿರ್ಗ ಸುಮ್ನಾಗ್ಬುಡ್ತಾಳ.”

ಬೀದಿಯಲ್ಲಿ ಬಸವೇಶರನ್ನು ಕರೆತಂದಿದ್ದ ಕಾರಿನವನು ಹಾರನ್ ಹೊಡೆದು ಹೊಡೆದು ಸುಸ್ತಾಗಿ ಹೋಟೆಲಿಗೆ ಹೋದ. ಎರಡನೇ ಪುಟ ಬೋರಲಾಯಿತು, ಮೂರನೆಯದೂ ಆಯಿತು. ಹದಿನೆಂಟನೇ ಸಾಲಿನ ಕೆಳಗೆ ಅವಳು ತನ್ನ ಹೆಸರು ಬರೆದು, “ಇದು ಸೇರುದ್ರ ಸಂಪೂರ್ಣ. ಆಮೇಲೆ ಆ ಕಾಗ್ದ ಕೊಡಿ, ಅದ್ಕೂ ಹಾಕ್ತೀನಿ,” ಅಂದಳು. ಬಸವೇಶರು ಆ ಮೂರು ಹಾಳೆಗಳನ್ನು ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ತಿರುಗಿಸಿ ನೋಡಿದರು. ಕೊನೆಗೆ ಅಂಗಳಕ್ಕಿಳಿದು ಪ್ರೆಸ್ಸಿಗೆ ಫೋನು ಮಾಡಿದರು: “ಮೂರನೇ ಅಂಕ ನಿಲ್ಸಿ. ಇನ್ನೊಂದು ಪುಟ ಬರುತ್ತೆ. ಲೇಖನಾನಾ? ಲೇಖನ ಈಗ ಬೇಡ. ನಾನು ಇನ್ನೂ ಯೋಚನೆ ಮಾಡ್ಬೇಕು.”

ರಾಚಮ್ಮ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತೇ ಇದ್ದಳು.

“ನನ್ನ ಮಗಳ್ಗೆ ಕೊಲೆಗಾತಿ ಹೆಸರ ಇಕ್ಕುಸ್ಬುಟ್ಟಲ್ಲಕ್ಕ ನೀನು.”

“ನಾನೆಲ್ಲಿ ಇಕ್ಕುಸ್ದಿ ಕಣೆ?” ಪುಟ್ಟಮಲ್ಲಮ್ಮ ಮತ್ತೆ ಮೊರ ಎಳೆದುಕೊಂಡು ಅವರೆಕಾಯಿಗೆ ಕೈಹಾಕಿದಳು. “ಅವತ್ತು ನಾನು ಬಾಯೇ ಬುಡ್ನಿಲ್ಲ.”