ಮೊಳಕ್ಕೆ ಎರಡು ಬೆರಳು ಕಡಿಮೆ

ಉತ್ತರ ಡಕೋಟಾದ ಆ ಬಯಲುಸೀಮೆಯ ರಸ್ತೆ ಇಲಾಖೆಯ ಶೆಡ್ಡಿಗೆ ಹೊಸದಾಗಿ ಸೇರಿದ ಡ್ರೈವರು ಎಷ್ಟೇ ನುರಿತವನಾಗಿರಲಿ, ಮೊದಲ ದಿನ ಅವನ ಕೈಗೆ ಕೀಲಿ ಸಿಗುತ್ತಿರಲಿಲ್ಲ. ಮೇಸ್ತ್ರಿ ಓರಿನ್ ಟ್ವೇಟ್ ಅವನನ್ನು ಹಿಮ ತಳ್ಳುವ ಲಾರಿಯ ಅಡಿಗೆ ನುಗ್ಗಿಸಿ, ಅಂಗಾತ ಮಲಗಿಸಿ, ಎಂಜಿನ್ ಚಾಲೂ ಮಾಡಿಬಿಡುತ್ತಿದ್ದ. ಆಮೇಲೆ ಮೂಲೆಯ ಸ್ಟೂಲಿನ ಮೇಲೆ ಕೂತು ಒಂದು ಲೋಟ ಕಪ್ಪು ಕಾಫಿಯನ್ನು ಸಾವಕಾಶವಾಗಿ ಕುಡಿಯುವನು. ಲೋಟ ಬರಿದಾದ ಮೇಲೆಯೇ ಕೆಳಗಿದ್ದವನಿಗೆ ಬಿಡುಗಡೆ. ಇಲಾಖೆಯ ದೊಡ್ಡವರು ಎರಡು ಸಲ ಕಾಗದ ಬರೆದು ಇದೆಲ್ಲ ಬೇಡವೆಂದರು. ಓರಿನ್ ಎರಡೂ ಕಾಗದಗಳನ್ನು ಓದಿ, ಮಡಿಚಿ, ಅಲುಗುತ್ತಿದ್ದ ಸ್ಟೂಲಿನ ಕಾಲಿಗೆ ಒತ್ತುಕೊಟ್ಟ. ಇಪ್ಪತ್ತಾರು ವರ್ಷ ಅವನ ಶೆಡ್ಡಿನಲ್ಲಿ ಈ ಪದ್ಧತಿ ನಡೆಯಿತು. ಅದು ಎಲ್ಲಿಂದ ಬಂತು ಎಂದು ಅವನು ಯಾರಿಗೂ ಹೇಳಲಿಲ್ಲ. ಹೇಳಿದ್ದೆಲ್ಲ ಯುದ್ಧಕಾಲದ ಅವನ ಜೊತೆಗಾರ ಇಗ್ನೇಸಿಯೋ ಬಾಕಾ. ವರ್ಷಕ್ಕೊಮ್ಮೆ ನ್ಯೂ ಮೆಕ್ಸಿಕೋದಿಂದ ಒಣಮೆಣಸಿನಕಾಯಿಯ ಸರ ಹೊತ್ತು ಬರುತ್ತಿದ್ದ ಅವನಿಗೆ ಬಾಯಿ ಸುಮ್ಮನಿರುತ್ತಿರಲಿಲ್ಲ.

ಓರಿನ್ ಸಕ್ಕರೆ ಬೀಟು ಬೆಳೆಯುವವರ ಮನೆಯ ಹುಡುಗ. ಒಂಬತ್ತನೆಯ ವಯಸ್ಸಿಗೇ ಟ್ರ್ಯಾಕ್ಟರು ಹತ್ತಿದವನು. ವಸಂತದಲ್ಲಿ ಹಿಮ ಕರಗಿ ಹೊಲವೆಲ್ಲ ಅಂಬಲಿಯಂತಾದಾಗ ಬೇರೆಯವರ ಗಾಡಿ ಹೂತರೂ ಅವನದು ಹೂಳುತ್ತಿರಲಿಲ್ಲ. ಮರೀನ್ ಪಡೆಗೆ ಸೇರಿದಾಗ ಅಲ್ಲಿಯವರು ಅವನ ಕೈ ನೋಡಿ ಟ್ಯಾಂಕಿಗೆ ಹಾಕಿದರು. ಟ್ಯಾಂಕಿನಲ್ಲಿ ಐದು ಜನ. ಮೇಲಿನ ಬುರುಜಿನಲ್ಲಿ ನಾಯಕ, ಫಿರಂಗಿ ಹೊಡೆಯುವವನು, ಗುಂಡು ತುಂಬುವವನು. ಕೆಳಗೆ ಮುಂಭಾಗದಲ್ಲಿ ಎಡಕ್ಕೆ ಡ್ರೈವರು ಓರಿನ್, ಬಲಕ್ಕೆ ಮೆಷಿನ್ ಗನ್ ಹಿಡಿದ ಬಾಕಾ. ನಾಯಕನ ಹೆಸರು ಸೊರೆಲ್ಸ್, ಮಾತು ಕಡಿಮೆಯ ಮನುಷ್ಯ.

ಮಹಾಯುದ್ಧದ ಕಾಲ, ಸಾವಿರದ ಒಂಬೈನೂರ ನಲವತ್ತಮೂರರ ನವೆಂಬರಿನಲ್ಲಿ ಶತ್ರುಗಳು ಹಿಡಿದಿದ್ದ ಒಂದು ಹವಳದ ದ್ವೀಪ. ಸಮುದ್ರ ಇಳಿದುಬಿಟ್ಟಿತ್ತು, ದೋಣಿಗಳು ದಡ ಮುಟ್ಟಲಾರದೆ ಟ್ಯಾಂಕುಗಳನ್ನು ದೂರದಲ್ಲೇ ನೀರಿಗೆ ಇಳಿಸಿದವು. ತಳದಲ್ಲಿ ಬಾಂಬು ಬಿದ್ದು ಆಳ ಗುಂಡಿಗಳಾಗಿದ್ದವು. ಅವು ಚಾಲಕರಿಗೆ ಕಾಣುತ್ತಿರಲಿಲ್ಲ. ಅದಕ್ಕೇ ದಾರಿ ತೋರುವವರು ಎದೆಮಟ್ಟದ ನೀರಿನಲ್ಲಿ, ಗುಂಡಿನ ಮಳೆಯಲ್ಲಿ, ಟ್ಯಾಂಕುಗಳ ಮುಂದೆ ನಡೆಯುತ್ತ ಬಾವುಟ ನೆಡುತ್ತ ಹೋದರು. ಬಾವುಟದ ಸಾಲು ಹಿಡಿದು ಬರುವುದಷ್ಟೇ ಓರಿನ್ ಕೆಲಸ. ದಡ ಇನ್ನೂರು ಗಜ ದೂರವಿದ್ದಾಗ ಅದೇ ಸಾಲಿನಲ್ಲಿ ಇಬ್ಬರು ಗಾಯಾಳುಗಳು ಕಂಡರು. ಒಬ್ಬನ ತಲೆಯನ್ನು ಇನ್ನೊಬ್ಬ ನೀರಿನಿಂದ ಮೇಲೆತ್ತಿ ಹಿಡಿದಿದ್ದ. ನೆಟ್ಟಗೆ ಹೋದರೂ ಟ್ಯಾಂಕಿನ ಉಕ್ಕಿನ ಚೈನು ಅವರ ಪಕ್ಕದಲ್ಲಿ ಹಾದುಹೋಗುವಷ್ಟು ಜಾಗವಿತ್ತು. ಸೊರೆಲ್ಸ್ "ನೆಟ್ಟಗೆ ಹೋಗು" ಎಂದ. ಓರಿನ್ ಕೈ ಕೇಳಲಿಲ್ಲ, ಟ್ಯಾಂಕು ತಿರುಗಿಸುವ ಎರಡು ಲಿವರ್‌ಗಳಲ್ಲಿ ಎಡಗಡೆಯದನ್ನು ಎಳೆಯಿತು. ಟ್ಯಾಂಕು ಸಾಲು ಬಿಟ್ಟು ತಿರುಗಿ ಮೂತಿ ಮುಂದಾಗಿ ಗುಂಡಿಗೆ ಇಳಿಯಿತು. ಮುಂದೆ ಕೂತಿದ್ದ ಇಬ್ಬರು ತಮ್ಮ ತಲೆಯ ಮೇಲಿನ ಮುಚ್ಚಳ ತಳ್ಳಿ ಹೊರಬಿದ್ದರು. ಮೂವರಿಗೂ ಒಂದೇ ಮುಚ್ಚಳವಿದ್ದ ಬುರುಜಿನಿಂದ ಯಾರೂ ಬರಲಿಲ್ಲ.

ಮುಂದಿನ ವರ್ಷ ಸೊಲೊಮನ್ ದ್ವೀಪಗಳ ಒಂದು ತೆಂಗಿನ ತೋಟದಲ್ಲಿ ಬಿಡಾರ. ಹೊಸ ಟ್ಯಾಂಕು, ಬುರುಜಿಗೆ ಹೊಸ ಮೂವರು. ನಾಯಕ ಸಾರ್ಜೆಂಟ್ ಸ್ಟ್ರೌಡ್, ಕೆಂಟಕಿಯವನು, ಮನೆಯಲ್ಲಿ ಹೇಸರಗತ್ತೆ ಪಳಗಿಸಿದವನು. ಅವನು ಒಂದು ಹೊಸ ವರಸೆ ತಂದ. ಬಯಲಿನಲ್ಲಿ ಬಿದ್ದ ಗಾಯಾಳುವನ್ನು ತರಲು ಹೋದ ಸ್ಟ್ರೆಚರಿನವರೂ ಗುಂಡಿಗೆ ಬೀಳುತ್ತಿದ್ದ ಕಾಲ ಅದು. ಟ್ಯಾಂಕಿನ ಹೊಟ್ಟೆಯಲ್ಲಿ, ಬಾಕಾನ ಸೀಟಿನ ಹಿಂದೆ, ಅಪಾಯ ಬಂದಾಗ ಹೊರಬೀಳಲೆಂದು ಮಾಡಿದ ಒಂದು ಸಣ್ಣ ಬಾಗಿಲಿತ್ತು. ಟ್ಯಾಂಕನ್ನು ನೇರ ಗಾಯಾಳುವಿನ ಮೇಲೆಯೇ ಓಡಿಸಬೇಕು. ಚೈನುಗಳು ಅವನ ಎರಡು ಪಕ್ಕ ಹಾದು, ಬಾಗಿಲು ಅವನ ಮೇಲೆ ನಿಲ್ಲಬೇಕು. ಆಗ ಬಾಕಾ ಕೈ ಚಾಚಿ ಒಳಗೆ ಎಳೆದುಕೊಳ್ಳಬಹುದು. ಕೊನೆಯ ಹದಿನೈದು ಅಡಿ ಮಾತ್ರ ಡ್ರೈವರು ಕುರುಡ. ಮೂತಿಯ ಅಡಿ ಇರುವುದು ಅವನಿಗೆ ಕಾಣುವುದಿಲ್ಲ. ಆಗ ಲಿವರ್ ಮುಟ್ಟಿದರೆ ಟ್ಯಾಂಕು ಹೊರಳುತ್ತದೆ, ಹೊರಳಿದರೆ ಅಡಿಯಲ್ಲಿದ್ದವನು ಉಳಿಯುವುದಿಲ್ಲ.

ಓರಿನ್ ತೆಂಗಿನಕಾಯಿಗಳನ್ನು ಸಾಲಾಗಿ ಇಟ್ಟು ಅಭ್ಯಾಸ ಮಾಡಿದ. ಮೂವತ್ತು ಕಾಯಿಗಳ ಮೇಲೆ ಹಾದುಹೋದರೂ ಒಂದೂ ಒಡೆಯಲಿಲ್ಲ. ಬೇರೆ ಟ್ಯಾಂಕಿನವರು ನೋಡಲು ಬಂದರು. ಮರುದಿನ ಕಾಯಿಯ ಜಾಗದಲ್ಲಿ ಬಾಕಾ ಮಲಗಿದ, ಟೋಪಿಯನ್ನು ಮುಖದ ಮೇಲೆ ಎಳೆದುಕೊಂಡು. ಟ್ಯಾಂಕು ಬಂತು, ಹದಿನೈದು ಅಡಿ ಈಚೆಗೆ ನಿಂತಿತು. ಇನ್ನೊಮ್ಮೆ ಬಂತು, ಅಲ್ಲೇ ನಿಂತಿತು. ಮೂರು ದಿನ ಹೀಗೇ ಆಯಿತು.

"ಲೋ ಟ್ವೇಟ್, ನನ್ಗಿಂತ ತೆಂಗಿನಕಾಯಿ ಮೇಲೆ ನಿಂಗೆ ನಂಬ್ಕೆ ಜಾಸ್ತಿ ಕಣೋ. ಅದಕ್ಕಾದ್ರೂ ಒಳಗೆ ನೀರಿದೆ, ನನ್ನೊಳಗೆ ಬರೀ ಡಬ್ಬಿ ಹಂದಿಮಾಂಸ" ಎಂದು ಬಾಕಾ ಮೈಯ ಮಣ್ಣು ಕೊಡವಿಕೊಂಡ.

ಸ್ಟ್ರೌಡ್ ಬೈಯಲಿಲ್ಲ. ಶನಿವಾರದವರೆಗೆ ಕಾಯುತ್ತೇನೆ, ಆಗದಿದ್ದರೆ ನೀರಿನ ಲಾರಿ ಓಡಿಸುವೆಯಂತೆ, ಅದರಲ್ಲಿ ಅವಮಾನವೇನೂ ಇಲ್ಲ ಎಂದ. ಅವಮಾನದ ಮಾತಲ್ಲ ಅದು ಎನ್ನುವುದು ಓರಿನ್‌ಗೆ ಗೊತ್ತಿತ್ತು. ತಾನು ಇಳಿದರೆ ಆ ಸೀಟಿಗೆ ಬರುವವನು ಕೆಸರಿನಲ್ಲಿ ಈ ನಾಲ್ವರನ್ನು ಎಲ್ಲಿ ಹೂಳುತ್ತಾನೋ. ನೀರಿಗೆ ಬಿಟ್ಟುಬಂದ ಮೂವರ ಮೇಲೆ ಇನ್ನೊಂದು ಲೆಕ್ಕ ಸೇರುವುದು ಅವನಿಗೆ ಬೇಡವಾಗಿತ್ತು. ಊಟ ಬಿಟ್ಟು ತೆಂಗಿನಕಾಯಿಗಳ ಮೇಲೆ ಮತ್ತೆ ಮತ್ತೆ ಓಡಿಸಿದ. ಕಾಯಿಗಳಿಗೆ ಏನೂ ಆಗಲಿಲ್ಲ. ಬಾಕಾ ಮಲಗಿದೊಡನೆ ಟ್ಯಾಂಕು ನಿಲ್ಲುತ್ತಿತ್ತು.

ಶುಕ್ರವಾರ ಮಧ್ಯಾಹ್ನ ಬಾಕಾ ಬಂದು ಓರಿನ್‌ನನ್ನು ಸೀಟಿನಿಂದ ಎಬ್ಬಿಸಿ, ಇವತ್ತು ಮಲಗುವವನು ನೀನು, ಓಡಿಸುವವನು ನಾನು ಎಂದ. ಐವರಲ್ಲಿ ಪ್ರತಿಯೊಬ್ಬನಿಗೂ ಇನ್ನೊಬ್ಬನ ಕೆಲಸ ಬರಲೇಬೇಕು ಎಂಬುದು ಅವರ ಕಟ್ಟಳೆ. ಆದರೆ ಬಾಕಾ ಓಡಿಸುವ ಚಂದ ಎಲ್ಲರಿಗೂ ತಿಳಿದದ್ದೇ. ಹೋದ ವಾರವಷ್ಟೇ ಅವನು ಅಡುಗೆಯವರ ಗುಡಾರದ ಹಗ್ಗ ಕಿತ್ತಿದ್ದ.

"ನಿನ್ನ ಕೈಯಲ್ಲಾ?" ಎಂದ ಓರಿನ್.

"ಹೂಂ, ನನ್ ಕೈಯಲ್ಲೇ. ಮೂರು ದಿನ ನಿನ್ ಕೈ ನಂಬಿ ನಾನು ಮಲಗ್ಲಿಲ್ವಾ?"

ಓರಿನ್ ಕೆಳಗಿಳಿದ. ಹೋಗಿ ಅಂಗಾತ ಮಲಗಿದ. ಬಾಕಾನ ಸೀಟಿನಲ್ಲಿ ಸ್ಟ್ರೌಡ್ ಕೂತು ಹೊಟ್ಟೆಯ ಬಾಗಿಲು ತೆಗೆದ. ಎಂಜಿನ್ ಗುಡುಗಿತು. ಬೆನ್ನ ಕೆಳಗೆ ನೆಲ ನಡುಗುವುದು ಮೊದಲು ತಿಳಿಯಿತು, ಆಮೇಲೆ ಚೈನಿನ ಕಿರುಗುಟ್ಟು. ಮೂತಿ ಹತ್ತಿರ ಬಂದಾಗ ಬಾಕಾ ಒಂದು ಕ್ಷಣ ಅನುಮಾನಿಸಿ ನಿಲ್ಲಿಸಿದ. ಆ ಒಂದು ಕ್ಷಣದಲ್ಲಿ ಓರಿನ್‌ಗೆ ಏನು ಮಾಡಬೇಕೋ ತಿಳಿಯಲಿಲ್ಲ. ಎದ್ದು ಓಡಲೋ, ಪಕ್ಕಕ್ಕೆ ಹೊರಳಲೋ, ಇವನು ಯಾವ ಕಡೆ ತಿರುಗಿಸುತ್ತಾನೋ. ಬರುವ ಟ್ಯಾಂಕಿಗಿಂತ ನಿಂತ ಟ್ಯಾಂಕು ಹೆಚ್ಚು ಹೆದರಿಸಿತು. ಮತ್ತೆ ಅದು ಹೊರಟು ನೆಟ್ಟಗೆ ಬಂದಾಗ, ವಿಚಿತ್ರವೆಂದರೆ, ಮೈ ಸಡಿಲವಾಯಿತು. ಆಕಾಶ ಮುಚ್ಚಿತು. ಕೆಸರು ಮೆತ್ತಿದ ಕಬ್ಬಿಣ ಮೂಗಿನ ಮೇಲೆ ನಿಧಾನವಾಗಿ ಸರಿಯಿತು, ಡೀಸೆಲ್ ವಾಸನೆ ಬಡಿಯಿತು. ಚೌಕನೆಯ ಬೆಳಕೊಂದು ಬಂದು ಎದೆಯ ಮೇಲೆ ನಿಂತಿತು. ಅದರೊಳಗಿಂದ ಸ್ಟ್ರೌಡನ ಕೈ ಇಳಿಯಿತು.

ಓರಿನ್ ಆ ಕೈ ಹಿಡಿಯಲಿಲ್ಲ. ತಡೆಯಿರಿ ಸಾರ್ಜೆಂಟ್ ಎಂದು ಮೊಣಕೈಯನ್ನು ನೆಲಕ್ಕೆ ಊರಿ, ಅಂಗೈಯನ್ನು ಟ್ಯಾಂಕಿನ ಹೊಟ್ಟೆಗೆ ಚಾಚಿದ. ಬೆರಳ ತುದಿ ಮಡಚಬೇಕಾಯಿತು. ಮೊಳಕ್ಕೆ ಎರಡು ಬೆರಳು ಕಡಿಮೆ. ಮನುಷ್ಯನ ಎದೆಗೆ ಅಷ್ಟು ಸಾಕು.

ಶನಿವಾರ ಬೆಳಗ್ಗೆ ಬಾಕಾ ಟೋಪಿಯನ್ನು ಮುಖದ ಮೇಲೆ ಎಳೆದುಕೊಂಡು ಮಲಗಿದ. ಓರಿನ್ ಎರಡು ಲಿವರ್‌ಗಳಿಂದಲೂ ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡು, ಎಲ್ಲೂ ತಡೆಯದೆ ಅವನ ಮೇಲೆ ಹೋದ. ನೀರಿನ ಲಾರಿಯ ಮಾತು ಅಲ್ಲಿಗೆ ಮುಗಿಯಿತು.

ಅಭ್ಯಾಸವೇನೋ ಆಯಿತು, ನಿಜವಾದದ್ದು ಬಂದದ್ದು ನಲವತ್ತೈದರ ಮೇ ತಿಂಗಳಲ್ಲಿ, ಓಕಿನಾವಾದಲ್ಲಿ. ವಾರಗಟ್ಟಲೆ ಮಳೆ ಸುರಿದು ನೆಲ ಅಂಬಲಿಯಾಗಿತ್ತು. ಎರಡು ದಿಣ್ಣೆಗಳ ನಡುವೆ ಒಂದು ಸುಣ್ಣಕಲ್ಲಿನ ದಾರಿ, ಅದರ ಅಂಚಿನಲ್ಲಿ ಒಬ್ಬ ಮರೀನ್ ಬಿದ್ದಿದ್ದ. ಅವನನ್ನು ತರಲು ಹೋದ ಇಬ್ಬರು ಅಲ್ಲೇ ಹತ್ತಿರದಲ್ಲಿ ಬಿದ್ದಿದ್ದರು, ಅವರಿಗೆ ಇನ್ನು ಯಾರ ಅಗತ್ಯವೂ ಇರಲಿಲ್ಲ. ಕಾಲಾಳುಗಳ ಸಾರ್ಜೆಂಟ್ ಟ್ಯಾಂಕಿನ ಹಿಂಬದಿಗೆ ಕಟ್ಟಿದ್ದ ಫೋನಿನಲ್ಲಿ ಸ್ಟ್ರೌಡನಿಗೆ ಹೇಳಿದ: ಹುಡುಗ ಬದುಕಿದ್ದಾನೆ, ಹೆಸರು ಬ್ರೇಸಿ, ಕಾಲು ಛಿದ್ರವಾಗಿದೆ, ರಕ್ತ ನಿಲ್ಲುತ್ತಿಲ್ಲ.

ಓರಿನ್ ಕಿಂಡಿಯಲ್ಲಿ ನೋಡಿದ. ಬ್ರೇಸಿ ಮಲಗಿದ್ದ ಜಾಗಕ್ಕೆ ಹೋದರೆ ಬಲಗಡೆಯ ಚೈನು ದಾರಿ ಬಿಟ್ಟು ಕೆಸರಿಗೆ ಇಳಿಯುತ್ತಿತ್ತು. ಇಳಿದರೆ ನಾಲ್ಕು ಬೆರಳಾದರೂ ಕುಸಿಯುತ್ತದೆ. ಮೊಳಕ್ಕೆ ಆರು ಬೆರಳು ಕಡಿಮೆಯಾದರೆ ಎದೆಗೆ ಸಾಲದು.

"ಸಾರ್ಜೆಂಟ್, ಅವನು ದಾರಿ ಮಧ್ಯಕ್ಕೆ ಬರ್ಬೇಕು. ಎರಡು ಮೊಳ ಸಾಕು. ಬಂದು ನೆಟ್ಟಗೆ ಮಲಗ್ಲಿ, ತಲೆ ನಮ್ಮ ಕಡೆಗಿರ್ಲಿ. ಟ್ಯಾಂಕು ಎಲ್ಲೂ ನಿಲ್ಲಲ್ಲ, ಸೀದಾ ಮೇಲೇ ಬರತ್ತೆ ಅಂತ ಹೇಳಿ. ಅದನ್ನ ಹೇಳ್ಲೇಬೇಕು."

ಫೋನಿನವನು ಅದನ್ನೆಲ್ಲ ಕೂಗಿ ಹೇಳಿದ. ಬ್ರೇಸಿ ಮೊಣಕೈಗಳ ಮೇಲೆ ತೆವಳತೊಡಗಿದ. ಎರಡು ಮೊಳಕ್ಕೆ ಅವನು ತೆಗೆದುಕೊಂಡ ಹೊತ್ತು ಎಷ್ಟೋ. ಕೊನೆಗೆ ದಾರಿಯ ನಡುವೆ ಅಂಗಾತ ಬಿದ್ದು, ಎರಡು ಕೈಗಳನ್ನೂ ಮೈಗೆ ಒತ್ತಿಕೊಂಡ.

ಓರಿನ್ ಹೊರಟ. ಹೊರಗಿನ ಉಕ್ಕಿಗೆ ಗುಂಡುಗಳು ಆಲಿಕಲ್ಲಿನಂತೆ ಬಡಿದವು. ಬ್ರೇಸಿಯ ತಲೆ, ಸೊಂಟ, ಬೂಟು ಒಂದೊಂದಾಗಿ ಮೂತಿಯ ಅಡಿ ಮರೆಯಾದವು. ಓರಿನ್ ಲಿವರ್‌ಗಳಿಂದ ಕೈ ತೆಗೆದ. ಎಡಗೈ ತಾನಾಗಿ ಮೇಲೇಳಲು ನೋಡಿತು. ಅದನ್ನು ತೊಡೆಯ ಅಡಿ ಹಾಕಿಕೊಂಡು, ಅದರ ಮೇಲೆ ಕೂತುಬಿಟ್ಟ. ಪಕ್ಕದಲ್ಲಿ ಬಾಕಾ ತಲೆಕೆಳಗಾಗಿ ಬಾಗಿಲಿನ ಕಿಂಡಿಗೆ ಮುಖವಿಟ್ಟು ಹೇಳುತ್ತಿದ್ದ: ಬಾ, ಕಲ್ಲು, ಕಲ್ಲು, ಕೂದಲು ಕಂಡಿತು, ಬಾ, ಹಣೆ, ಭುಜ, ಇನ್ನೊಂದು ಗೇಣು, ಸಾಕು.

ಟ್ಯಾಂಕು ನಿಂತಿತು. ಬಾಕಾ ಮತ್ತು ಗುಂಡು ತುಂಬುವವನು ಸೇರಿ ಬ್ರೇಸಿಯನ್ನು ಒಳಗೆ ಎಳೆದುಕೊಂಡರು. ಓರಿನ್ ಹಿಂದೆ ತಿರುಗಿ ನೋಡಲಿಲ್ಲ. ಬಂದ ಜಾಡಿನಲ್ಲೇ ಹಿಮ್ಮುಖವಾಗಿ ಓಡಿಸಬೇಕಾಗಿತ್ತು. ದಿಣ್ಣೆಯ ಮರೆಗೆ ಬಂದ ಮೇಲೆಯೇ ಕತ್ತು ಹೊರಳಿಸಿದ. ಸುಣ್ಣದಂತೆ ಬಿಳಿಚಿಕೊಂಡಿದ್ದ ಬ್ರೇಸಿ ಬಾಕಾನ ತೊಡೆಯ ಮೇಲೆ ತಲೆಯಿಟ್ಟು ಕಣ್ಣು ಬಿಟ್ಟಿದ್ದ. ಹಣೆಯ ಮೇಲೆ ಕಪ್ಪು ಹನಿಗಳಿದ್ದವು.

"ಓಡಿಸಿದ್ದು ನೀನಾ?" ಎಂದು ಕೇಳಿದ.

ಓರಿನ್ ಹೌದೆಂದು ತಲೆಯಾಡಿಸಿದ.

"ಅಣ್ಣಾ, ನಿನ್ ಗಾಡಿ ಕೆಳಗಡೆ ಎಣ್ಣೆ ಸೋರ್ತಾ ಇದೆ. ನೋಡ್ಸು."

ಬಾಕಾ ನಗುತ್ತ ಕಣ್ಣೊರೆಸಿಕೊಂಡ. ಬ್ರೇಸಿಯನ್ನು ಆಸ್ಪತ್ರೆಯ ಗುಡಾರಕ್ಕೆ ಒಯ್ದರು. ಕಾಲು ಹೋಯಿತು, ಜೀವ ಉಳಿಯಿತು. ಸ್ಟ್ರೌಡ್ ಬಂದು ಓರಿನ್ ಭುಜದ ಮೇಲೆ ಕೈಯಿಟ್ಟು, ಒಂದು ಗಂಟೆ ನಿದ್ದೆ ಮಾಡು ಎಂದ. ಓರಿನ್ ಆಗಲಿ ಎಂದು ಹೇಳಿ, ಸ್ಪ್ಯಾನರು ಹಿಡಿದು ಕೆಸರಿನಲ್ಲಿ ಅಂಗಾತ ಮಲಗಿ ಟ್ಯಾಂಕಿನ ಅಡಿಗೆ ನುಗ್ಗಿದ. ಎಣ್ಣೆ ನಿಜಕ್ಕೂ ಸೋರುತ್ತಿತ್ತು. ತಳದ ಒಂದು ಬಿರಡೆ ಅರ್ಧ ಸುತ್ತು ಸಡಿಲವಾಗಿತ್ತು. ಬಿಗಿ ಮಾಡಿ, ತೋಳಿನಿಂದ ಒರೆಸಿ, ಮತ್ತೆ ಹನಿ ಬೀಳುತ್ತದೆಯೇ ಎಂದು ಅದರ ಕೆಳಗೆ ಮುಖವೊಡ್ಡಿಕೊಂಡು ಬಹಳ ಹೊತ್ತು ಅಲ್ಲೇ ಮಲಗಿದ್ದ.