ಎರವಲು ಜರ್ಸಿ

ಸಿಂಗಾಪುರ ಹಳ್ಳಿಯ ಬ್ಯಾಟರಾಯಪ್ಪ ಪಕ್ಕದ ಯಲಹಂಕದ ರಗ್ಬಿ ಕ್ಲಬ್ಬಿಗೆ ಸೇರಿ ಮಂಡಿ ಸವೆಸಿಕೊಂಡಿದ್ದ. ಎದುರಾಳಿಗೆ ಆಳು ಕಮ್ಮಿಯಾದರೆ ತಮ್ಮವನೊಬ್ಬನನ್ನು ಕೊಟ್ಟು ಆಟ ನಡೆಸುವುದು ಆ ಲೀಗಿನ ಪದ್ಧತಿ. ಪ್ರತಿ ಸಲವೂ ಅವನನ್ನೇ ಕೊಡುತ್ತಿದ್ದರು, ಮದುವೆಮನೆಗೆ ಜಮಖಾನ ಕೊಟ್ಟ ಹಾಗೆ. "ನೀನು ಒಳ್ಳೇವ್ನು ಕಣೋ, ಹೋಗು," ಅನ್ನುತ್ತಿದ್ದ ಕ್ಯಾಪ್ಟನ್ ರಘುನಾಥ್.

ಫೈನಲ್ಲಿನಲ್ಲೂ ಎದುರಾಳಿ ಹುಣಸಮಾರನಹಳ್ಳಿಯವರಿಗೆ ಒಬ್ಬ ಕಮ್ಮಿ. ಅವರ ಹಳದಿ ಜರ್ಸಿ ತೊಟ್ಟ ಬ್ಯಾಟರಾಯಪ್ಪ, ಕೊನೇ ಗಳಿಗೆಯಲ್ಲಿ ಚೆಂಡು ಹಿಡಿದು ನುಗ್ಗಿದ ರಘುನಾಥನನ್ನೇ ಕೆಡವಿ, ತುಟಿ ಒಡೆದುಕೊಂಡು, ಅವರನ್ನು ಗೆಲ್ಲಿಸಿದ.

"ಜರ್ಸಿ ಬಿಚ್ಕೊಡು ಗುರು, ನಮ್ ಹುಡುಗ ಈಗ ಬಂದ, ಫೋಟೋಗೆ ಬೇಕು," ಅಂದರು ಗೆದ್ದವರು. ಬಿಚ್ಚಿಕೊಟ್ಟು ತನ್ನವರ ಕಡೆ ತಿರುಗಿದ. "ದ್ರೋಹಿ," ಎಂದು ಉಗಿದ ರಘುನಾಥ್.

ಬರಿಮೈಯಲ್ಲಿ ನಿಂತವನ ಕೈಗೆ ಯಾರೋ ಮೊಬೈಲ್ ತುರುಕಿದರು.

"ಒಂದ್ ಫೋಟೋ ಹೊಡಿ ಗುರು. ಎಲ್ರೂ ಬರ್ಬೇಕು."